ಫಾರಂನಲ್ಲಿ ಕನ್ನಡ ಅಂತಲೇ ಬರೆಯಿರಿ

ತುಮಕೂರಿನಿಂದ ನೀವು ಬರೆದದ್ದನ್ನು ಮೂರು ಸಲ ಓದಿದೆ. ಮಗಳಿಗೆ ಐದೂವರೆ ವರ್ಷ, ಯುಕೆಜಿ ಮುಗಿಯುತ್ತಾ ಬಂದಿದೆ, ಮಾರ್ಚ್ ಮೊದಲ ವಾರ ಅಮೆರಿಕಕ್ಕೆ, ಇಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ಬರುತ್ತೀರಿ. "ಅಕ್ಕಾ, ವರ್ಷದ ಮಧ್ಯದಲ್ಲಿ ಕಿಂಡರ್‌ಗಾರ್ಟನ್‌ಗೆ ಸೇರಿಸಿಕೊಳ್ಳುತ್ತಾರಾ? ವಾರವಿಡೀ ಅಲ್ಲಿ ಏನು ಮಾಡಿಸುತ್ತಾರೆ? ಇಂಗ್ಲಿಷ್ ಅಕ್ಷರ ಬರೆಯುತ್ತಾಳೆ, ಮಾತಾಡಲು ಬರುವುದಿಲ್ಲ, ಹೆದರಿಕೆ ಆಗುತ್ತಿದೆ" ಅಂತ ಕೇಳಿದ್ದೀರಿ. ಜೊತೆಗೆ ಬಾಡಿಗೆ, ಕಾರು, ನೇರವಾಗಿ ಒಂದನೇ ಕ್ಲಾಸಿಗೆ ಹಾಕಬಹುದಾ ಅನ್ನುವುದು.

ನಾವೂ ಮಾರ್ಚ್‌ನಲ್ಲೇ ಬಂದದ್ದು, 2011ರಲ್ಲಿ. ಮಗನಿಗೆ ಆಗ ನಿಮ್ಮ ಮಗಳದೇ ವಯಸ್ಸು. ಶಾಲೆಯ ಬಾಗಿಲಲ್ಲಿ ಅವನು ನನ್ನ ಬೆರಳು ಬಿಡಲಿಲ್ಲ. ಟೀಚರ್ ಕೆಳಗೆ ಕೂತು ಅವನ ಮುಖಕ್ಕೆ ಮುಖ ಕೊಟ್ಟು ಏನೋ ಹೇಳಿದರು. ಅವನು ನನ್ನನ್ನು ನೋಡಿದ. ನಾನು "ಹೋಗು ಪುಟ್ಟಾ" ಅಂದೆ. ಅದಕ್ಕೇ ನಿಮ್ಮ ಪ್ರಶ್ನೆ ಓದಿದಾಗ ಸುಮ್ನೆ ಇರಲು ಆಗಲಿಲ್ಲ.

ಚಿಕ್ಕ ಪ್ರಶ್ನೆಗಳನ್ನು ಮೊದಲು ಮುಗಿಸುತ್ತೇನೆ. ಬಾಡಿಗೆ, ಕಾರಿನ ಬಗ್ಗೆ ನಿಮ್ಮ ಯಜಮಾನರ ಆಫೀಸಿನವರನ್ನೇ ಕೇಳಿ, ನನ್ನ ಲೆಕ್ಕ ಹಳೆಯದು. ಸರ್ಕಾರಿ ಶಾಲೆಗೆ ಫೀಸಿಲ್ಲ, ಮಧ್ಯದಲ್ಲೂ ಸೇರಿಸಿಕೊಳ್ಳುತ್ತಾರೆ. ಮನೆಯ ಬಾಡಿಗೆ ಕರಾರು, ಜನನ ಪತ್ರ, ಲಸಿಕೆ ಕಾರ್ಡ್ ಕೈಚೀಲದಲ್ಲೇ ಇಟ್ಟುಕೊಳ್ಳಿ, ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ. ಚಿಕನ್‌ಪಾಕ್ಸ್ ಲಸಿಕೆ ಎರಡು ಡೋಸ್ ಆಗಿದೆಯಾ ಅಂತ ಇಲ್ಲಿ ಕೇಳುತ್ತಾರೆ. ನಮ್ಮಲ್ಲಿ ಸರ್ಕಾರದವರು ಪುಕ್ಕಟೆ ಹಾಕುವ ಲಸಿಕೆಗಳಲ್ಲಿ ಅದು ಇಲ್ಲ, ಹೊರಡುವ ಮುಂಚೆ ಡಾಕ್ಟರಿಗೆ ಕಾರ್ಡ್ ತೋರಿಸಿ. ಒಂದನೇ ಕ್ಲಾಸಿನ ಯೋಚನೆ ಬಿಟ್ಟುಬಿಡಿ. ವಿಸ್ಕಾನ್ಸಿನ್‌ನಲ್ಲಿ ಸೆಪ್ಟೆಂಬರ್ 1ಕ್ಕೆ ಐದು ತುಂಬಿದ ಮಗು ಕಿಂಡರ್‌ಗಾರ್ಟನ್, ಆರು ತುಂಬಿದ ಮಗು ಒಂದನೇ ಕ್ಲಾಸು. ವರ್ಷ ಜೂನ್‌ನಲ್ಲಿ ಮುಗಿಯುತ್ತದೆ. ನಿಮ್ಮ ಮಗಳಿಗೆ ಸಿಗುವುದು ಮೂರು ತಿಂಗಳು. ಆ ಮೂರು ತಿಂಗಳು ಬಹಳ ಚೆನ್ನಾಗಿರುತ್ತವೆ, ಕಳೆದುಕೊಳ್ಳಬೇಡಿ.

ಈಗ ವಾರದ ವಿಷಯ. ಬೆಳಿಗ್ಗೆ ಎಲ್ಲರೂ ನೆಲದ ಮೇಲೆ ಕಂಬಳಿಯಲ್ಲಿ ದುಂಡಗೆ ಕೂರುತ್ತಾರೆ. ಇವತ್ತು ಯಾವ ವಾರ, ಹೊರಗೆ ಬಿಸಿಲಾ ಮೋಡವಾ, ಶಾಲೆ ಶುರುವಾಗಿ ಎಷ್ಟನೇ ದಿನ ಅಂತ ಮಾತಾಡುತ್ತಾರೆ. ಒಂದೊಂದು ಮಗುವಿಗೆ ಒಂದೊಂದು ಕೆಲಸ ಇರುತ್ತದೆ. ಒಬ್ಬರು ಸಾಲಿನ ಮುಂದೆ ನಡೆಯುವವರು, ಒಬ್ಬರು ಬಾಗಿಲು ಹಿಡಿಯುವವರು, ಒಬ್ಬರು ಕಿಟಕಿಯಲ್ಲಿ ಹವಾಮಾನ ನೋಡಿ ಹೇಳುವವರು. ಪ್ರತಿ ವಾರ ಕೆಲಸ ಬದಲಾಗುತ್ತದೆ. ನಿಮ್ಮ ಮಗಳ ಹೆಸರೂ ಆ ಪಟ್ಟಿಯಲ್ಲಿ ಬರುತ್ತದೆ. ಆ ದಿನ ಅವಳ ನಡಿಗೆಯೇ ಬೇರೆ ಆಗಿರುತ್ತದೆ, ನೋಡಿ. ಸೋಮವಾರ ಸಾಮಾನ್ಯವಾಗಿ ರಜಾದಿನ ಏನು ಮಾಡಿದೆವು ಅಂತ ಚಿತ್ರ ಬರೆಯುವುದು. ಒಂದು ದಿನ ಲೈಬ್ರರಿ. ಹಿಂದಿನ ವಾರದ ಪುಸ್ತಕ ವಾಪಸ್ ಕೊಡದಿದ್ದರೆ ಹೊಸದು ಸಿಗುವುದು ಕಷ್ಟ, ಹಿಂದಿನ ರಾತ್ರಿಯೇ ಬ್ಯಾಗಿಗೆ ಹಾಕಿಡಿ. ಸಂಗೀತ, ಜಿಮ್, ಆರ್ಟ್ ಇವಕ್ಕೆಲ್ಲ ಬೇರೆ ಟೀಚರ್, ಬೇರೆ ದಿನ. ಜಿಮ್ ಇರುವ ದಿನ ಸ್ಪೋರ್ಟ್ಸ್ ಶೂ ಬೇಕು. ಶುಕ್ರವಾರ ಬ್ಯಾಗಿನಲ್ಲಿ ಒಂದು ಫೋಲ್ಡರ್ ಬರುತ್ತದೆ. ವಾರದ ಕೆಲಸವೆಲ್ಲ ಅದರಲ್ಲಿರುತ್ತದೆ. ಚಪಾತಿ ಲಟ್ಟಿಸುತ್ತಾ ಮೇಲಿಂದ ಮೇಲೆ ನೋಡಿ ಇಡಬೇಡಿ, ಕೂತು ಅವಳ ಬಾಯಿಂದಲೇ ಕೇಳಿ.

ಮಾರ್ಚ್ ಬಂದರೆ ಕ್ಲಾಸಿನ ಬಣ್ಣವೇ ಬದಲಾಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿದಿನ ಒಂದು ಸಿಂಹ ಇಲ್ಲವೇ ಕುರಿಮರಿ ಅಂಟಿಸುತ್ತಾರೆ. ಗಾಳಿ, ಹಿಮ ಜೋರಾಗಿದ್ದರೆ ಸಿಂಹ. ಬಿಸಿಲು ಮೆತ್ತಗಿದ್ದರೆ ಕುರಿಮರಿ. ತಿಂಗಳ ಕೊನೆಗೆ ಎರಡನ್ನೂ ಎಣಿಸಿ ಯಾವುದು ಜಾಸ್ತಿ ಅಂತ ನೋಡುತ್ತಾರೆ. ಅದೇ ಅವರ ಲೆಕ್ಕದ ಪಾಠ. ರಾಬಿನ್ ಅಂತ ಕೆಂಪು ಎದೆಯ ಹಕ್ಕಿ, ಈ ರಾಜ್ಯದ ಪಕ್ಷಿ. ಅದನ್ನು ಮೊದಲು ಕಂಡವರು ಓಡಿ ಬಂದು ಹೇಳಬೇಕು. ಒದ್ದೆ ಪೇಪರಿನಲ್ಲಿ ಹುರುಳಿಕಾಯಿ ಬೀಜ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಿಟಕಿಗೆ ಅಂಟಿಸುತ್ತಾರೆ. ಬೇರು ಕೆಳಗೆ, ಚಿಗುರು ಮೇಲೆ ಹೋಗುವುದು ಗಾಜಿನಲ್ಲಿ ನೋಡಿದ ಹಾಗೆ ಕಾಣುತ್ತದೆ. ಏಪ್ರಿಲ್ 22ಕ್ಕೆ ಅರ್ತ್ ಡೇ. ಅದನ್ನು 1970ರಲ್ಲಿ ಶುರು ಮಾಡಿದ ಗೇಲಾರ್ಡ್ ನೆಲ್ಸನ್ ಇದೇ ವಿಸ್ಕಾನ್ಸಿನ್‌ನ ಸೆನೆಟರ್. ಇಲ್ಲಿಯವರಿಗೆ ಆ ಹೆಮ್ಮೆ ಇದೆ. ಮಕ್ಕಳು ಕೈಗೆ ಗ್ಲೌಸ್ ಹಾಕಿಕೊಂಡು ಶಾಲೆಯ ಅಂಗಳದ ಕಸ ಹೆಕ್ಕುತ್ತಾರೆ. ಏಪ್ರಿಲ್‌ನಲ್ಲೇ ಒಂದು ದಿನ ರಾಜ್ಯಕ್ಕೆಲ್ಲ ಸುಂಟರಗಾಳಿ ಡ್ರಿಲ್, ಅಂದರೆ ಸುಂಟರಗಾಳಿ ಬಂದರೆ ಏನು ಮಾಡಬೇಕು ಅನ್ನುವ ಅಭ್ಯಾಸ. ಎಲ್ಲರೂ ಗೋಡೆಗೆ ಮುಖ ಮಾಡಿ ಮಂಡಿಯೂರಿ ಎರಡು ಕೈಯಿಂದ ತಲೆ ಮುಚ್ಚಿಕೊಳ್ಳುತ್ತಾರೆ. ಇದನ್ನು ಮಗಳಿಗೆ ಮನೆಯಲ್ಲಿ ಮೊದಲೇ ಹೇಳಿಡಿ. ನಾನು ಹೇಳಿರಲಿಲ್ಲ, ಅವನು ಎರಡು ರಾತ್ರಿ ಸರಿಯಾಗಿ ಮಲಗಲಿಲ್ಲ.

ಓದು ಬರಹದಲ್ಲಿ ನಿಮ್ಮ ಮಗಳು ಹಿಂದೆ ಇರುವುದಿಲ್ಲ. ನಮ್ಮ ಯುಕೆಜಿ ಗೊತ್ತಲ್ಲ, ಅಷ್ಟು ಕಾಪಿ ಬರೆದ ಕೈ ಅದು. ಇಲ್ಲಿ ವರ್ಷದ ಕೊನೆಗೆ 100ರ ತನಕ ಎಣಿಸಬೇಕು, 20ರ ತನಕ ಬರೆಯಬೇಕು, 5ರ ಒಳಗೆ ಕೂಡುವುದು ಕಳೆಯುವುದು ಸಲೀಸಾಗಬೇಕು. ಮಗ್ಗಿ ಇಲ್ಲ. ಮಕ್ಕಳು ಕಿವಿಗೆ ಕೇಳಿದ ಹಾಗೆ ಅಕ್ಷರ ಜೋಡಿಸಿ ಬರೆಯುತ್ತಾರೆ, ಸ್ಪೆಲ್ಲಿಂಗ್ ತಪ್ಪಿದರೂ ಟೀಚರ್ ಕೆಂಪು ಗೀಟು ಎಳೆಯುವುದಿಲ್ಲ. ನನಗೆ ಅದು ತಡೆಯಲಾಗಲಿಲ್ಲ, ಮನೆಗೆ ಬಂದದ್ದನ್ನೆಲ್ಲ ರಬ್ಬರಿನಲ್ಲಿ ಒರೆಸಿ ತಿದ್ದಿಸುತ್ತಿದ್ದೆ. ನೀವು ಹಾಗೆ ಮಾಡಬೇಡಿ. ಶಬ್ದ ಕೇಳಿ ತಾನೇ ಬರೆಯುವುದು ಆ ವಯಸ್ಸಿನ ದೊಡ್ಡ ಕೆಲಸ. ಒರೆಸಿದರೆ ಬರೆಯುವುದನ್ನೇ ನಿಲ್ಲಿಸುತ್ತಾರೆ.

ಅವಳಿಗೆ ಕಷ್ಟ ಆಗುವುದು ಬೇರೆ ಕಡೆ. ಜಾಕೆಟ್ಟಿನ ಜಿಪ್ ತಾನೇ ಎಳೆದುಕೊಳ್ಳಬೇಕು. ಊಟದ ಡಬ್ಬಿ ತಾನೇ ತೆಗೆಯಬೇಕು, ತುತ್ತು ಮಾಡಿ ತಿನ್ನಿಸುವವರು ಇಲ್ಲ, ಊಟಕ್ಕೆ ಸಮಯವೂ ಕಡಿಮೆ. ಈಗಿನಿಂದಲೇ ಅಭ್ಯಾಸ ಮಾಡಿಸಿ. ಅಜ್ಜಿ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಇನ್ನು ಇಂಗ್ಲಿಷ್. ಇದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿರುವುದು.

ಸೇರಿಸುವ ದಿನ ಒಂದು ಫಾರಂ ಕೊಡುತ್ತಾರೆ. ಮನೆಯ ಭಾಷೆ ಯಾವುದು ಅಂತ ಅದರಲ್ಲಿ ಕೇಳಿರುತ್ತದೆ. ಮಗು ಮೊದಲು ಕಲಿತ ಭಾಷೆ, ಮನೆಯಲ್ಲಿ ಆಡುವ ಭಾಷೆ, ಮಗು ಹೆಚ್ಚಾಗಿ ಮಾತಾಡುವ ಭಾಷೆ. ಬರುವ ಮುಂಚೆಯೇ ಪರಿಚಯದವರೊಬ್ಬರು ಫೋನಿನಲ್ಲಿ ಹೇಳಿದ್ದರು, ಎಲ್ಲಾ ಕಡೆ ಇಂಗ್ಲಿಷ್ ಅಂತ ಬರೆಯಿರಿ, ಇಲ್ಲದಿದ್ದರೆ ಮಗುವನ್ನು ಇಎಸ್‌ಎಲ್‌ಗೆ, ಅಂದರೆ ಇಂಗ್ಲಿಷ್ ಬಾರದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕ್ಲಾಸಿಗೆ ಹಾಕುತ್ತಾರೆ, ದಡ್ಡರ ಜೊತೆ ಕೂರಿಸುತ್ತಾರೆ ಅಂತ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಮೂರೂ ಕಡೆ ಇಂಗ್ಲಿಷ್ ಅಂತ ಬರೆದೆ. ಬರೆಯುವಾಗ ಮಗ ಪಕ್ಕದಲ್ಲಿ ನಿಂತು "ಅಮ್ಮಾ, ಇಲ್ಲಿ ಮೀನಿನ ತೊಟ್ಟಿ ಇದೆ" ಅನ್ನುತ್ತಿದ್ದ. ಕನ್ನಡದಲ್ಲಿ.

ಅವನು ಕ್ಲಾಸಿನಲ್ಲಿ ಮಾತಾಡಲಿಲ್ಲ. ಒಂದು ವಾರ, ಎರಡು ವಾರ, ಒಂದು ತಿಂಗಳು. ಕೇಳಿದ್ದಕ್ಕೆ ತಲೆ ಆಡಿಸುತ್ತಿದ್ದ, ಅಷ್ಟೇ. ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳು ಕೆಲವು ವಾರ, ಕೆಲವು ತಿಂಗಳು ಹೀಗೆ ಸುಮ್ಮನಿರುವುದು ಉಂಟು. ಕಿವಿ ಕೆಲಸ ಮಾಡುತ್ತಿರುತ್ತದೆ, ಬಾಯಿ ಇನ್ನೂ ತಯಾರಾಗಿರುವುದಿಲ್ಲ. ಟೀಚರಿಗೆ ಅದು ಗೊತ್ತಿರುತ್ತದೆ. ಆದರೆ ಅವರ ಕೈಯಲ್ಲಿದ್ದ ಕಾಗದದಲ್ಲಿ ಇವನ ಭಾಷೆ ಇಂಗ್ಲಿಷ್ ಅಂತ ಇತ್ತು. ಇಂಗ್ಲಿಷ್ ಮನೆಯ ಮಗು ಬಾಯಿ ಬಿಡದಿದ್ದರೆ ಅವರು ಏನು ತಿಳಿಯಬೇಕು? ಕಿವಿ ಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ನಾಚಿಕೆ ಸ್ವಭಾವ, ಸರಿಹೋಗುತ್ತಾನೆ ಅಂದೆ.

ಏಪ್ರಿಲ್‌ನಲ್ಲಿ ಒಂದು ದಿನ ಬೇರೆ ಪ್ಯಾಂಟ್ ಹಾಕಿಕೊಂಡು ಮನೆಗೆ ಬಂದ. ಅವನ ಪ್ಯಾಂಟ್ ಒದ್ದೆಯಾಗಿ ಪ್ಲಾಸ್ಟಿಕ್ ಚೀಲದಲ್ಲಿತ್ತು. ಊರಿನಲ್ಲಿ ಮೂರು ವರ್ಷಕ್ಕೇ ಬಿಟ್ಟ ಅಭ್ಯಾಸ. ನಾನು ಬೈದೆ. ಇಷ್ಟು ದೊಡ್ಡವನಾಗಿ ನಾಚಿಕೆ ಆಗಲ್ವಾ ಅಂದೆ. ಅವನು ಏನೂ ಹೇಳದೆ ಶೂ ಬಿಚ್ಚುತ್ತಾ ಕೂತ. ಬಾತ್‌ರೂಮಿಗೆ ಹೋಗಬೇಕು ಅಂತ ಹೇಳಲು ಅವನಿಗೆ ಮಾತಿರಲಿಲ್ಲ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಕೊನೆಗೆ ಗೊತ್ತಾದದ್ದು ಹುಳುಗಳಿಂದ. ವಸಂತದಲ್ಲಿ ಕಿಂಡರ್‌ಗಾರ್ಟನ್ ಕ್ಲಾಸುಗಳಿಗೆ ಒಂದು ಕಪ್ಪಿನಲ್ಲಿ ಐದು ಕಂಬಳಿಹುಳು ತರಿಸುತ್ತಾರೆ, ಪೇಂಟೆಡ್ ಲೇಡಿ ಅನ್ನುವ ಚಿಟ್ಟೆಯವು. ತಿನ್ನುವುದೂ ಅದೇ ಕಪ್ಪಿನ ತಳದಲ್ಲಿ ಇರುತ್ತದೆ. ಒಂದು ವಾರ, ಹತ್ತು ದಿನ ತಿಂದು ದಪ್ಪಗಾಗುತ್ತವೆ. ಆಮೇಲೆ ಮುಚ್ಚಳಕ್ಕೆ ತಲೆಕೆಳಗಾಗಿ, ಕೊಕ್ಕೆಯ ಹಾಗೆ ಬಾಗಿ ನೇತುಬೀಳುತ್ತವೆ. ಮರುದಿನಕ್ಕೆ ಗಟ್ಟಿ ಗೂಡು. ಆ ಗೂಡುಗಳನ್ನು ಒಂದು ಬಲೆಯ ಪಂಜರಕ್ಕೆ ಹಾಕಿಡುತ್ತಾರೆ. ಇನ್ನೊಂದು ವಾರ, ಹತ್ತು ದಿನಕ್ಕೆ ಚಿಟ್ಟೆ. ಮಕ್ಕಳು ದಿನವೂ ಚಿತ್ರ ಬರೆದು ಪಕ್ಕದಲ್ಲಿ ಒಂದು ಸಾಲು ಬರೆಯುತ್ತಾರೆ. ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದ 13 ಡಿಗ್ರಿ ದಾಟಿದ ದಿನ ಅಂಗಳಕ್ಕೆ ತಂದು ಬಿಡುತ್ತಾರೆ. ಆಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಓಡಿದ ಮೇಲೆ ಮಗ ಆ ಬಲೆಯ ಮುಂದೆ ಒಬ್ಬನೇ ನಿಂತಿದ್ದನಂತೆ. ಬೆರಳು ತೋರಿಸುತ್ತಾ ಜೋರಾಗಿ ಎಣಿಸುತ್ತಿದ್ದನಂತೆ. ಒಂದು, ಎರಡು, ಮೂರು, ನಾಲ್ಕು, ಐದು. ಆಮೇಲೆ ಅವುಗಳ ಜೊತೆ ಮಾತಾಡುತ್ತಾ ನಿಂತನಂತೆ, ತುಂಬಾ ಹೊತ್ತು. ಟೀಚರ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಾರೆ.

ಸಂಜೆ ಫೋನ್ ಬಂತು. ನಿಮ್ಮ ಮಗ ಇವತ್ತು ಎಷ್ಟು ಚೆನ್ನಾಗಿ ಮಾತಾಡಿದ, ಅದು ಯಾವ ಭಾಷೆ ಅಂತ ಕೇಳಿದರು. ಅವರ ದನಿಯಲ್ಲಿ ಸಂತೋಷ ಇತ್ತು. ನನಗೆ ಮಾತು ಹೊರಡಲಿಲ್ಲ. ಮರುದಿನ ಹೋಗಿ ಫಾರಂ ತಿದ್ದಿಸಿದೆ. ನಾನು ಮಾಡಿದ್ದನ್ನು ಹೇಳಿ ಅತ್ತೆ. ಅವರು ಬೈಯಲಿಲ್ಲ. ನಮ್ಮ ಎಣಿಕೆಯನ್ನು ಒಂದು ಚೀಟಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆಸಿಕೊಂಡು ಆ ಬಲೆಯ ಪಕ್ಕ ಅಂಟಿಸಿದರು.

ಇಎಸ್‌ಎಲ್ ಅಂದರೆ ದಡ್ಡರ ಕ್ಲಾಸಲ್ಲ. ಆ ಟೀಚರ್ ಅದಕ್ಕೇ ಓದಿ ಬಂದವರು. ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ಚಿತ್ರ ತೋರಿಸಿ, ಆಟ ಆಡಿಸಿ ಮಾತು ಕಲಿಸುತ್ತಾರೆ. ಬಾತ್‌ರೂಮ್, ನೀರು, ಹೊಟ್ಟೆನೋವು, ಇವೇ ಮೊದಲು. ಅದು ದಯೆಯೂ ಅಲ್ಲ. ಇಂಗ್ಲಿಷ್ ಬಾರದ ಮಕ್ಕಳಿಗೆ ಪಾಠ ಅರ್ಥವಾಗುವ ಹಾಗೆ ಶಾಲೆ ಸಹಾಯ ಮಾಡಲೇಬೇಕು ಅಂತ ಇಲ್ಲಿನ ಸುಪ್ರೀಂ ಕೋರ್ಟ್ 1974ರಲ್ಲೇ ಹೇಳಿದೆ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಾತಿನ ಮಕ್ಕಳ ಕಡೆಯವರು ಹೂಡಿದ ಕೇಸು ಅದು. ಬೇಡ ಅನ್ನಿಸಿದರೆ ಒಲ್ಲೆ ಅನ್ನುವ ಹಕ್ಕೂ ತಂದೆತಾಯಿಗೆ ಇದೆ. ಆದರೆ ನಿಜ ಹೇಳಿ, ಆಮೇಲೆ ಯೋಚಿಸಿ. ಪಟ್ಟಿಯಲ್ಲಿ ಕನ್ನಡ ಕಾಣದಿದ್ದರೆ 'ಇತರೆ' ಅಂತ ಇರುವ ಕಡೆ ಕೈಯಲ್ಲೇ ಬರೆಯಿರಿ. ಹತ್ತಿರದ್ದು ಅಂತ ಹಿಂದಿಗೆ ಟಿಕ್ ಹಾಕಬೇಡಿ, ನಾಳೆ ಹಿಂದಿ ಕಾಗದ ಮನೆಗೆ ಬರುತ್ತದೆ.

ಮ್ಯಾಡಿಸನ್‌ನಿಂದ ಒಂದು ಗಂಟೆ ಒಳಗಿನ ದಾರಿ, ವಾಟರ್‌ಟೌನ್ ಅಂತ ಊರು. ಅಮೆರಿಕದ ಮೊದಲ ಕಿಂಡರ್‌ಗಾರ್ಟನ್ ಶುರುವಾದದ್ದು ಅಲ್ಲಿ, 1856ರಲ್ಲಿ. ಮಾರ್ಗರೆಥೆ ಶುರ್ಜ್ ಅನ್ನುವ ಜರ್ಮನ್ ಹೆಂಗಸು ತನ್ನ ಮಗಳನ್ನೂ ನೆಂಟರ ಮಕ್ಕಳನ್ನೂ ಕೂರಿಸಿಕೊಂಡು ಕಲಿಸಿದಳು. ಜರ್ಮನಿಯ ಫ್ರೊಬೆಲ್ ಹೇಳಿಕೊಟ್ಟ ರೀತಿ ಅದು. ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಅಂತ ಹೆಸರಿಟ್ಟವನೂ ಅವನೇ. ಆಕೆ ಕಲಿಸಿದ್ದು ಇಂಗ್ಲಿಷಿನಲ್ಲಲ್ಲ, ಜರ್ಮನ್ನಿನಲ್ಲಿ. ಆ ಪುಟ್ಟ ಕಟ್ಟಡ ಈಗಲೂ ಇದೆ, ಅಲ್ಲಿನ ಆಕ್ಟಗನ್ ಹೌಸ್ ಅನ್ನುವ ಮ್ಯೂಸಿಯಂ ಅಂಗಳದಲ್ಲಿ. ಮಗ ಮೂರನೇ ಕ್ಲಾಸಿನಲ್ಲಿದ್ದಾಗ ಹೋಗಿದ್ದೆವು. ನಾನು ಅದರ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ. ಇಲ್ಲಿಗೆ ಬಂದ ಒಬ್ಬ ತಾಯಿ ತನ್ನ ಮಾತಿನಲ್ಲೇ ಶುರು ಮಾಡಿದ ಕ್ಲಾಸು. ಅದೇ ಕ್ಲಾಸಿಗೆ ಮಗನನ್ನು ಕಳಿಸುವಾಗ ನಾನು ನನ್ನ ಮಾತನ್ನು ಮುಚ್ಚಿಟ್ಟೆ.

ಮಗ ಈಗ ದೊಡ್ಡವನು. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಅದು ದೇವರ ದಯೆ. ಹುಳುಗಳು ನೆನಪಿವೆ ಅನ್ನುತ್ತಾನೆ. ಪ್ಯಾಂಟಿನ ವಿಷಯ ನೆನಪಿಲ್ಲ ಅನ್ನುತ್ತಾನೆ. ನಿಜವಾಗಿ ಮರೆತಿದ್ದಾನೋ, ನನಗೆ ನೋವಾಗಬಾರದು ಅಂತ ಹಾಗೆ ಹೇಳುತ್ತಾನೋ ಗೊತ್ತಿಲ್ಲ. ನಾನು ಮತ್ತೆ ಕೇಳಿಲ್ಲ.

ಬರುವ ಮುಂಚೆ ಮಗಳಿಗೆ ನಾಲ್ಕೇ ಮಾತು ಬಾಯಿಪಾಠ ಮಾಡಿಸಿ. ಬಾತ್‌ರೂಮ್, ವಾಟರ್, ಹೆಲ್ಪ್, ಹರ್ಟ್. ಉಳಿದದ್ದು ಅಲ್ಲೇ ಬರುತ್ತದೆ. ಬ್ಯಾಗಿನಲ್ಲಿ ಯಾವಾಗಲೂ ಒಂದು ಜೊತೆ ಬಟ್ಟೆ ಇಡಿ. ಹಿಮ ಕರಗುವ ಕಾಲ, ಅಂಗಳವೆಲ್ಲ ಕೆಸರು, ಹಾಗಿದ್ದೂ ಮಕ್ಕಳನ್ನು ಆಟಕ್ಕೆ ಹೊರಗೆ ಬಿಡುತ್ತಾರೆ. ಹಿಮದ ಬೂಟು ಅಲ್ಲಿ ಕೊಳ್ಳಬೇಡಿ, ನಮ್ಮ ಪಕ್ಕದ ಮನೆಯ ಹುಡುಗಿಯದು ಚಿಕ್ಕದಾಗಿ ಹಾಗೇ ಇದೆ. ಮಗಳ ಪಾದ ಒಂದು ಹಾಳೆಯ ಮೇಲೆ ಇಟ್ಟು ಗೀಟು ಎಳೆದು, ಅಳತೆ ಬರೆದು ಫೋಟೋ ಕಳಿಸಿ.