ದಾಸರ ಪದಕ್ಕೂ ಹಕ್ಕುದಾರರೇ?

ಪ್ರಶ್ನೆ: ಪುರಂದರದಾಸರ ಕೀರ್ತನೆಯೊಂದನ್ನು ಮನೆಯಲ್ಲೇ ಹಾರ್ಮೋನಿಯಂ ನುಡಿಸಿಕೊಂಡು ಹಾಡಿ ಯೂಟ್ಯೂಬ್‌ಗೆ ಹಾಕಿದ್ದೆ. ಎರಡೇ ದಿನದಲ್ಲಿ ಕ್ಯಾಸೆಟ್ ಕಂಪನಿಯೊಂದು ಅದರ ಮೇಲೆ ಹಕ್ಕು ಸಾಧಿಸಿದೆ. ನಾನು ತಪ್ಪು ಮಾಡಿದ್ದೇನೆಯೇ?

ಉತ್ತರ: ಸಾಹಿತ್ಯದ ಮಟ್ಟಿಗೆ ಖಂಡಿತ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿಯ ಹಕ್ಕು ಅವರ ಜೀವಿತಾವಧಿಗೆ ಮತ್ತು ನಿಧನದ ಮುಂದಿನ ವರ್ಷದಿಂದ 60 ವರ್ಷಗಳಿಗೆ ಸೀಮಿತವಾಗಿರುವುದರಿಂದ, ಹದಿನಾರನೆಯ ಶತಮಾನದ ದಾಸರ ಪದ ಎಲ್ಲರ ಸೊತ್ತು. ಆದರೆ 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ ಈ ರಕ್ಷಣೆ 2041ರ ಕೊನೆಯವರೆಗೂ ಇದೆ. ಭಾವಗೀತೆ ಹಾಡುವವರು ಇದನ್ನು ಮರೆಯುವುದೇ ಹೆಚ್ಚು.

ನೀವು ನೋಡಬೇಕಾದದ್ದು ರಾಗಸಂಯೋಜನೆಯನ್ನು. ಈಚಿನ ಸಂಗೀತ ನಿರ್ದೇಶಕರೊಬ್ಬರು ಹೊಸದಾಗಿ ಕೂರಿಸಿದ ಧಾಟಿಯನ್ನೇ ನೀವು ಅನುಸರಿಸಿದ್ದರೆ, ಪದ ಹಳೆಯದಾದರೂ ಧಾಟಿಯ ಹಕ್ಕು ಜೀವಂತವಾಗಿರುತ್ತದೆ. ಧ್ವನಿಮುದ್ರಣದ ಹಕ್ಕು ಬೇರೆಯೇ. ಅದು ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷ. ಕಂಪನಿಯ ಕರೋಕೆ ಟ್ರ್ಯಾಕ್ ಬಳಸಿದ್ದರೆ ಅವರ ಆಕ್ಷೇಪಕ್ಕೆ ಬಲ ಬರುತ್ತಿತ್ತು, ನಿಮ್ಮ ಹಾರ್ಮೋನಿಯಂಗೆ ಆ ಭಯವಿಲ್ಲ.

ಇಂಥ ಕ್ಲೇಮುಗಳನ್ನು ಬಹುಪಾಲು ಕಳುಹಿಸುವುದು ಧ್ವನಿಯನ್ನು ಹೋಲಿಸಿ ನೋಡುವ ತಂತ್ರಾಂಶವೇ ಹೊರತು ವಕೀಲರಲ್ಲ. ಧಾಟಿಯೂ ಪಾರಂಪರಿಕವಾಗಿದ್ದರೆ ಯೂಟ್ಯೂಬಿನಲ್ಲೇ ತಕರಾರು ಸಲ್ಲಿಸಿ, 'ಪದ, ಧಾಟಿ ಸಾರ್ವಜನಿಕ. ಗಾಯನ, ವಾದನ ನನ್ನದೇ' ಎಂದು ಸ್ಪಷ್ಟವಾಗಿ ಬರೆಯಿರಿ. ಕಂಪನಿ 30 ದಿನಗಳಲ್ಲಿ ಉತ್ತರಿಸದಿದ್ದರೆ ಕ್ಲೇಮ್ ತಾನಾಗಿಯೇ ಬಿದ್ದುಹೋಗುತ್ತದೆ. ಮೂಲ ಧ್ವನಿಮುದ್ರಣದ ಕಡತವನ್ನು ಮಾತ್ರ ಅಳಿಸಬೇಡಿ.