ಸಂಬಳ ಹೆಚ್ಚಿದರೂ ಉತ್ಸಾಹವೇಕಿಲ್ಲ?

ಪ್ರಶ್ನೆ: ನಾನು ರೆಸ್ಟೋರೆಂಟೊಂದರಲ್ಲಿ ಮ್ಯಾನೇಜರ್. ಈಚೆಗೆ ಸಂಬಳ ಹೆಚ್ಚಾಗಿದೆ, ಮಾಲೀಕರಿಂದ ದೂರುಗಳೂ ಇಲ್ಲ. ಆದರೂ ಕೆಲಸಕ್ಕೆ ಹೊರಡುವಾಗ ಮನಸ್ಸು ಹಿಂಜರಿಯುತ್ತದೆ. ಈ ವೃತ್ತಿಯನ್ನೇ ಬಿಡುವುದು ಒಳಿತೇ?

ಉತ್ತರ: ಸಂಬಳ ಹೆಚ್ಚಿದ ಮೇಲೂ ಸಂತೋಷ ಬರಲಿಲ್ಲವೆಂದು ನಿಮ್ಮನ್ನು ನೀವು ದೂಷಿಸಿಕೊಳ್ಳಬೇಕಾಗಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಅವರ ಸಂಗಡಿಗರು 1959ರಲ್ಲಿ ಮಂಡಿಸಿದ ವಾದದ ಪ್ರಕಾರ, ಸಂಬಳ, ಸಂಸ್ಥೆಯ ನಿಯಮಗಳು ಮತ್ತು ಕೆಲಸದ ಪರಿಸರ ಸುಧಾರಿಸಿದರೆ ಅಸಮಾಧಾನ ತಗ್ಗುತ್ತದೆಯೇ ಹೊರತು ಅಷ್ಟರಿಂದಲೇ ತೃಪ್ತಿ ಹುಟ್ಟುವುದಿಲ್ಲ. ಅದು ಸಾಧನೆ, ಮನ್ನಣೆ, ಜವಾಬ್ದಾರಿ ಮತ್ತು ಬೆಳವಣಿಗೆಯಿಂದ ಬರುತ್ತದೆ. ಈ ವಿಂಗಡಣೆಯನ್ನು ಅನಂತರದ ಸಂಶೋಧಕರು ಪ್ರಶ್ನಿಸಿದ್ದಾರಾದರೂ ನಿಮ್ಮ ಪರಿಸ್ಥಿತಿಗೆ ಇದು ಹೊಂದುತ್ತದೆ.

ಆದರೆ ರೆಸ್ಟೋರೆಂಟ್ ಮ್ಯಾನೇಜರರಿಗೆ ಜವಾಬ್ದಾರಿಯ ಕೊರತೆಯೆಂಬುದಿಲ್ಲ, ಕೊರತೆಯಿರುವುದು ಅಧಿಕಾರದ್ದು ಎಂಬುದು ನನ್ನ ದೃಢ ಅಭಿಪ್ರಾಯ. ದಿನಸಿಯ ವೆಚ್ಚ ಏರಿದರೆ ಉತ್ತರ ಹೇಳಬೇಕಾದವರು ನೀವು, ಆದರೆ ಮೆನು, ಬೆಲೆ ಮತ್ತು ಸರಬರಾಜುದಾರರನ್ನು ನಿರ್ಧರಿಸುವವರು ಅನೇಕ ಕಡೆ ಬೇರೆಯವರು. ಸಿಬ್ಬಂದಿ ಕೈಕೊಟ್ಟ ದಿನ ನೀವೇ ಬಡಿಸಲು ನಿಲ್ಲುತ್ತೀರಿ, ಹೊಸಬರನ್ನು ನೇಮಿಸಿಕೊಳ್ಳಲು ಮಾತ್ರ ಮೇಲಿನವರ ಒಪ್ಪಿಗೆಗಾಗಿ ಕಾಯುತ್ತೀರಿ. ಕೆಲಸದ ಒತ್ತಡ ಹೆಚ್ಚಿದ್ದು ನಿರ್ಧಾರದ ಸ್ವಾತಂತ್ರ್ಯ ಕಡಿಮೆಯಿರುವ ಹುದ್ದೆಗಳೇ ಮನಸ್ಸನ್ನು ಅತಿಯಾಗಿ ದಣಿಸುತ್ತವೆ ಎಂದು ಉದ್ಯೋಗದ ಒತ್ತಡವನ್ನು ಅಧ್ಯಯನ ಮಾಡಿದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿಯೇ ಬರೆದಿದ್ದರು. ಇದರ ಮೇಲೆ ಗ್ರಾಹಕರ ಸಿಟ್ಟನ್ನು ನಗುಮುಖದಿಂದ ಸಹಿಸಿ, ಮರುಕ್ಷಣವೇ ಅಡುಗೆಮನೆಯ ಜಗಳವನ್ನು ತಣಿಸಬೇಕಾದ ಶ್ರಮವಿದೆ. ಅದು ಯಾವ ಲೆಕ್ಕಪುಸ್ತಕದಲ್ಲಿಯೂ ಕಾಣುವುದಿಲ್ಲ.

ಉಳಿದವರು ರಜೆಯಲ್ಲಿರುವಾಗಲೇ ನಿಮಗೆ ಕೆಲಸ ಹೆಚ್ಚು ಎಂಬುದನ್ನು ಈ ವೃತ್ತಿಯಲ್ಲಿ ಪೂರ್ಣವಾಗಿ ತಪ್ಪಿಸಲಾಗದು, ಆದರೆ ವಾರದ ರಜೆ ಯಾವ ದಿನವೆಂದು ಮೊದಲೇ ಗೊತ್ತಿರುವಂತೆ ಮಾಡಿಕೊಳ್ಳಬಹುದು.

ಆದ್ದರಿಂದ ರಾಜೀನಾಮೆಗೆ ಮೊದಲು ಮಾಲೀಕರೊಂದಿಗೆ ಒಮ್ಮೆ ಬಿಡುವಾಗಿ ಕುಳಿತು, ನಿಗದಿತ ಮಿತಿಯೊಳಗಿನ ಖರೀದಿ, ಸಿಬ್ಬಂದಿಯ ಪಾಳಿ ಮತ್ತು ನೇಮಕ, ದೂರಿತ್ತ ಗ್ರಾಹಕರಿಗೆ ಬಿಲ್‌ನಲ್ಲಿ ರಿಯಾಯಿತಿ, ಇವುಗಳಲ್ಲಿ ನಿಮ್ಮ ಮಾತೇ ಅಂತಿಮವಾಗಿರಲಿ ಎಂದು ಸ್ಪಷ್ಟವಾಗಿ ಕೇಳಿ. ನೀವಿಲ್ಲದ ದಿನ ನಿಭಾಯಿಸಬಲ್ಲ ಸಹಾಯಕರೊಬ್ಬರನ್ನು ತರಬೇತುಗೊಳಿಸಲೂ ಅವಕಾಶ ಕೇಳಿ, ಏಕೆಂದರೆ ರಜೆಯ ದಿನವೂ ಫೋನ್ ಬಿಡದಿದ್ದರೆ ಅದು ರಜೆಯಲ್ಲ. ಇಷ್ಟನ್ನೂ ನಿರಾಕರಿಸಿ ಮತ್ತೆ ಸಂಬಳವನ್ನಷ್ಟೇ ಏರಿಸುವುದಾಗಿ ಅವರು ಹೇಳಿದರೆ, ಆಗ ನೀವು ಬಿಡಬೇಕಾದದ್ದು ಆ ಸ್ಥಳವನ್ನು; ಅದೇ ಹುದ್ದೆಯನ್ನು ಹೆಚ್ಚಿನ ಅಧಿಕಾರದೊಂದಿಗೆ ಕೊಡುವ ಇನ್ನೊಂದು ಕಡೆ ಹುಡುಕಿ.