ರಾಗಿ ಬಿಸ್ಕತ್ತಿನ ಸಕ್ಕರೆ: 5 ಗ್ರಾಮೋ, 20 ಗ್ರಾಮೋ?

ಅಪ್ಪನಿಗೆ ಶುಗರ್ ಇದೆ, ರಾಗಿ ಬಿಸ್ಕತ್ ಪೊಟ್ಟಣದಲ್ಲಿ ಒಂದು ಕಡೆ ಸಕ್ಕರೆ 5 ಗ್ರಾಂ, ಪಕ್ಕದಲ್ಲೇ 20 ಗ್ರಾಂ ಅಂತಿದೆ, ಯಾವುದು ನಿಜ ಅಂತ ಕೇಳಿದ್ದೀರಿ. ಎರಡೂ ನಿಜವೇ. 20 ಅನ್ನೋದು 100 ಗ್ರಾಂ ಬಿಸ್ಕತ್ತಿಗೆ. 5 ಅನ್ನೋದು ಕಂಪನಿಯವರು ಅಂದುಕೊಂಡ ಒಂದು ‘ಸರ್ವಿಂಗ್’ಗೆ, ಅಂದರೆ 25 ಗ್ರಾಂಗೆ. ಕಾಫಿ ಜೊತೆ ಮಾತಾಡ್ತಾ ಅರ್ಧ ಪೊಟ್ಟಣ ಖಾಲಿ ಮಾಡೋರಿಗೆ ಈ ಸರ್ವಿಂಗ್ ಲೆಕ್ಕ ಬರೀ ಸಮಾಧಾನಕ್ಕೆ. ಎರಡು ಬ್ರ್ಯಾಂಡ್ ಹೋಲಿಸುವಾಗ ಯಾವತ್ತೂ 100 ಗ್ರಾಂ ಸಾಲನ್ನೇ ನೋಡಿ.

ಆದರೆ ಅದಕ್ಕೂ ಮೊದಲು ಪದಾರ್ಥಗಳ ಪಟ್ಟಿ ಓದಿ. ತೂಕದಲ್ಲಿ ಹೆಚ್ಚಿರೋದನ್ನ ಮೊದಲು ಬರೀಬೇಕು ಅನ್ನೋದು ನಿಯಮ. ನಾನು ಹೋದ ವಾರ ತಂದ ಪೊಟ್ಟಣದ ಮುಂದೆ ದೊಡ್ಡ ರಾಗಿ ತೆನೆ. ಹಿಂದೆ ತಿರುಗಿಸಿದರೆ ಮೊದಲು ಮೈದಾ, ಆಮೇಲೆ ಸಕ್ಕರೆ, ಪಾಮ್ ಎಣ್ಣೆ, ನಾಲ್ಕನೇದಾಗಿ ರಾಗಿ ಹಿಟ್ಟು, ಅದೂ 12%. ಅದು ರಾಗಿ ಬಣ್ಣದ ಮೈದಾ ಬಿಸ್ಕತ್ತು, ಅಷ್ಟೇ.

‘ನೋ ಆಡೆಡ್ ಶುಗರ್’ ಅಂತ ಇದ್ದರೂ ಕಾರ್ಬೋಹೈಡ್ರೇಟ್ ಸಾಲು ಬಿಡಬೇಡಿ. ಮೈದಾ, ಪಿಷ್ಟದಿಂದ ಮಾಡೋ ಪುಡಿಯಾದ ಮಾಲ್ಟೋಡೆಕ್ಸ್‌ಟ್ರಿನ್ ಹೊಟ್ಟೆಗೆ ಹೋದ ಮೇಲೆ ಗ್ಲೂಕೋಸೇ ಆಗೋದು. ನಿಜವಾದ ರಾಗಿಯೂ ಅಷ್ಟೇ, ಅದರಲ್ಲಿ ನಾರು ಜಾಸ್ತಿ ಅನ್ನೋದೊಂದು ಅನುಕೂಲ.

ಬಿಪಿಯೂ ಇದ್ದರೆ ಸೋಡಿಯಂ ನೋಡಿ. ಅದನ್ನ ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತೆ: 400 ಮಿಲಿಗ್ರಾಂ ಸೋಡಿಯಂ ಅಂದರೆ 1 ಗ್ರಾಂ ಉಪ್ಪು. ಸಿಹಿ ಬಿಸ್ಕತ್ತಲ್ಲೂ ಉಪ್ಪಿರುತ್ತೆ ಮತ್ತೆ.

ಪಟ್ಟಿಯ ಮೊದಲ ಮೂರು ಪದಾರ್ಥ ಇಲ್ಲಿ ಬರೀರಿ, ನೋಡಿ ಹೇಳ್ತೀನಿ.